ಏನು ಹೊಳೆಯಿತು?

ಕರೆಂಟು ಹೋದ ರಾತ್ರಿಗಳಲ್ಲಿ ನಮ್ಮಜ್ಜಿ ಒಗಟು ಹೇಳುತ್ತಿದ್ದರು. ಪಡಸಾಲೆಯ ಗೂಡಿನಲ್ಲಿ ಸೀಮೆಎಣ್ಣೆ ಬುಡ್ಡಿ, ಕೆಳಗೆ ಚಾಪೆ, ಚಾಪೆಯ ತುಂಬ ನಾವು ಆರೇಳು ಮಕ್ಕಳು. ಒಂದು ರಾತ್ರಿ ಕೇಳಿದ್ದು ಬಾಗಿಲೂ ಕಿಟಕಿಯೂ ಇಲ್ಲದ ಮನೆಯ ಒಗಟು: ಆ ಮನೆಯೊಳಗೆ ನೀರು ಹೇಗೆ ಹೋಯಿತು? ಒಬ್ಬ ಬಾವಿ ಅಂದ. ಇನ್ನೊಬ್ಬ ಮೋಡ ಅಂದ. ಗಡಿಗೆ, ಮೊಟ್ಟೆ, ಕಣ್ಣು ಎಲ್ಲ ಮುಗಿದವು. ಅಜ್ಜಿ ತಲೆ ಅಲ್ಲಾಡಿಸುತ್ತಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳು ನಮ್ಮ ಚಿಕ್ಕಪ್ಪನ ಮಗಳು. ಅಲ್ಲಿಯವರೆಗೆ ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಎದ್ದು ನಿಂತು, "ಅಜ್ಜೀ, ಹೊಳೀತು! ಹೊಳೀತು!" ಎಂದು ಕೂಗಿದಳು. ಉತ್ತರ ಮಾತ್ರ ಬಾಯಿಗೆ ಬರಲೊಲ್ಲದು. ಕೈ ಚಾಚಿ ಮೂಲೆ ತೋರಿಸಿದಳು. ಅಲ್ಲಿ ಮಧ್ಯಾಹ್ನವೇ ಸುಲಿದಿಟ್ಟಿದ್ದ ತೆಂಗಿನಕಾಯಿಗಳ ಬುಟ್ಟಿ ಇತ್ತು. ಅದರ ಪಕ್ಕದಲ್ಲೇ ನಾವೆಲ್ಲ ಊಟ ಮಾಡಿ ಎದ್ದಿದ್ದೆವು.

ಆ ಹುಡುಗಿ ಕೂಗಿದ ಒಂದು ಮಾತನ್ನು ವ್ಯಾಕರಣದ ಕಣ್ಣಿನಿಂದ ಸ್ವಲ್ಪ ನಿಂತು ನೋಡೋಣ. "ಹೊಳೀತು." ಈ ವಾಕ್ಯದಲ್ಲಿ ಕರ್ತೃ ಯಾರು? ಅವಳಂತೂ ಅಲ್ಲ. ಹೊಳೆದದ್ದು ತೆಂಗಿನಕಾಯಿ. ಅವಳಿಗೆ ಹೊಳೆಯಿತು, ಅಷ್ಟೆ. ಕನ್ನಡದಲ್ಲಿ ಯಾರೂ "ನಾನು ಉತ್ತರವನ್ನು ಹೊಳೆದೆ" ಎನ್ನುವುದಿಲ್ಲ. "ನನಗೆ ಹೊಳೆಯಿತು" ಎನ್ನುತ್ತೇವೆ. ಗೆ, ಇಗೆ, ಕ್ಕೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಚತುರ್ಥೀ ವಿಭಕ್ತಿಯಲ್ಲಿ, ಕೊಟ್ಟದ್ದನ್ನು ಇಸಿದುಕೊಳ್ಳುವವನ ಜಾಗದಲ್ಲಿ, "ನಾನು" ಕೈಯೊಡ್ಡಿ ನಿಂತಿರುತ್ತದೆ. ಹಸಿವು, ನಿದ್ದೆ, ನೆನಪು, ಅಳು ಎಲ್ಲವೂ ಕನ್ನಡಿಗರಿಗೆ ಬರುವುದು ಇದೇ ದಾರಿಯಲ್ಲಿ. ತಿಳಿವಳಿಕೆಯ ಮಿಂಚೂ ಆ ಸಾಲಿನದೇ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ಎಪಿಫನಿ ಎಂಬ ಇಂಗ್ಲಿಷ್ ಪದ ನಮ್ಮ ಸಾಹಿತ್ಯ ವಿಮರ್ಶೆಯಲ್ಲೂ ಮಾತುಕತೆಯಲ್ಲೂ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇದ್ದಕ್ಕಿದ್ದಂತೆ ಸತ್ಯವೊಂದು ಕಣ್ಣೆದುರು ಬಂದು ನಿಲ್ಲುವ ಗಳಿಗೆ ಎಂದು ಅದರ ಸದ್ಯದ ಅರ್ಥ. ಕನ್ನಡಕ್ಕೆ ತರುವಾಗ ಕೆಲವರು ಜ್ಞಾನೋದಯ ಎನ್ನುತ್ತಾರೆ, ಕೆಲವರು ಸಾಕ್ಷಾತ್ಕಾರ, ಇನ್ನು ಕೆಲವರು ದಿವ್ಯದರ್ಶನ. ಯಾವುದೂ ತೀರ ತಪ್ಪಲ್ಲ. ಆದರೆ ಈ ಪದ ಎಲ್ಲಿ ಹುಟ್ಟಿತು, ಯಾರ ಯಾರ ಬಾಯಲ್ಲಿ ಆಡಿತು ಎಂದು ಹಿಂದೆ ಹಿಂದೆ ಹೋದರೆ, ಕೊನೆಗೆ ಅದು ಚಾಪೆಯ ಮೇಲೆ ಎದ್ದು ನಿಂತ ಆ ಹುಡುಗಿಯ "ಹೊಳೀತು" ಎಂಬ ಮಾತಿನ ಪಕ್ಕಕ್ಕೇ ನಮ್ಮನ್ನು ತಂದು ಬಿಡುತ್ತದೆ.

ಪದದ ಮೂಲ ಗ್ರೀಕ್ ಭಾಷೆಯ ಎಪಿಫಾನೆಯಾ. "ಎಪಿ" ಎಂದರೆ ಮೇಲೆ, ಕಡೆಗೆ. "ಫೈನೈನ್" ಎಂದರೆ ಬೆಳಕಿಗೆ ತರುವುದು, ತೋರಿಸುವುದು. ಎರಡೂ ಸೇರಿದರೆ ನಮ್ಮ ಕಡೆಗೆ ತೋರಿಕೊಳ್ಳುವುದು, ಕಣ್ಣಿಗೆ ಬೀಳುವುದು. ಈ ಫೈನೈನ್ ಎಂಬ ಕ್ರಿಯಾಪದಕ್ಕೂ ಸಂಸ್ಕೃತದ "ಭಾ" ಎಂಬ ಧಾತುವಿಗೂ ರಕ್ತಸಂಬಂಧ. ಹೊಳೆ, ಬೆಳಗು ಎಂದು ಭಾ ಧಾತುವಿನ ಅರ್ಥ. ಗ್ರೀಕಿನಲ್ಲಿ ಫಕಾರ ಇರುವ ಎಷ್ಟೋ ಕಡೆ ಸಂಸ್ಕೃತದಲ್ಲಿ ಭಕಾರ ಬರುತ್ತದೆ. ಗ್ರೀಕರು "ಫೆರೋ" ಎಂದರೆ ಹೊರುತ್ತೇನೆ, ಸಂಸ್ಕೃತದಲ್ಲಿ ಅದು "ಭರಾಮಿ". ಅಲ್ಲಿ ಕುಲಬಾಂಧವನಿಗೆ "ಫ್ರಾತೇರ್", ಇಲ್ಲಿ ಸೋದರನಿಗೆ "ಭ್ರಾತೃ". ಪ್ರಭೆ, ಪ್ರಭಾತ, ಭಾನು ಇವೆಲ್ಲ ಭಾ ಧಾತುವಿನ ಮಕ್ಕಳು. ಫೋಟೋ, ಫ್ಯಾಂಟಸಿ, ಫಿನಾಮಿನನ್ ಇವು ಅದೇ ಬೇರಿನ ಗ್ರೀಕ್ ಕವಲಿನವು. ಊರಿನ ಫೋಟೋ ಸ್ಟುಡಿಯೋ ಒಂದಕ್ಕೆ ಪ್ರಭಾ ಎಂದು ಹೆಸರಿದ್ದರೆ, ಐದಾರು ಸಾವಿರ ವರ್ಷಗಳ ಹಿಂದೆ ಬೇರೆಯಾದ ಇಬ್ಬರು ಅಕ್ಕತಂಗಿಯರು ಒಂದೇ ಬೋರ್ಡಿನ ಮೇಲೆ ಮತ್ತೆ ಭೇಟಿಯಾದಂತೆ. ರೈತರು ಗೊಬ್ಬರದ ಚೀಲದ ಮೇಲೆ ಓದುವ ಫಾಸ್ಫರಸ್ ಎಂಬ ಪದದಲ್ಲಂತೂ ಭಾ ಮತ್ತು ಭರ ಎರಡರ ನೆಂಟರೂ ಇದ್ದಾರೆ. ಬೆಳಕನ್ನು ಹೊರುವುದು ಎಂದು ಅದರ ಅರ್ಥ.

ಕನ್ನಡದ "ಹೊಳೆ" ಈ ಮನೆತನದ್ದಲ್ಲ. ಅದು ನಮ್ಮದೇ ದ್ರಾವಿಡ ಪದ, ಹಳಗನ್ನಡದಲ್ಲಿ "ಪೊಳೆ". ನೀರು ಹರಿಯುವ ಹೊಳೆ ಮತ್ತೆ ಬೇರೆ. ಅದು ಮಲಯಾಳಂನವರು ನದಿಗೆ ಹೇಳುವ ಪದದ ನೆಂಟ. ಎರಡೂ ಈಗ ಒಂದೇ ರೂಪಕ್ಕೆ ಬಂದು ಕೂತಿವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳು ತಿಳಿವಳಿಕೆಗೆ ಬೆಳಕಿನ ಪದವನ್ನೇ ಹುಡುಕಿಕೊಂಡವು ಎಂಬುದು ನನಗೆ ಎಂದೂ ಹಳತಾಗದ ಬೆರಗು.

ಗ್ರೀಕರು ಎಪಿಫಾನೆಯಾ ಎಂಬ ಪದವನ್ನು ಮೊದಲಿಗೆ ತೀರ ಲೌಕಿಕ ಸಂಗತಿಗಳಿಗೆ ಬಳಸುತ್ತಿದ್ದರು. ಬೆಳಗಾಗುವುದಕ್ಕೆ ಆ ಪದ. ಗುಡ್ಡದ ತಿರುವಿನಲ್ಲಿ ಶತ್ರುಪಡೆ ಹಠಾತ್ತನೆ ಕಾಣಿಸಿಕೊಂಡರೆ ಅದಕ್ಕೂ ಅದೇ ಪದ. ಪೊಲಿಬಿಯಸ್ ಎಂಬ ಇತಿಹಾಸಕಾರನ ಬರಹದಲ್ಲಿ ಈ ಎರಡೂ ಬಳಕೆಗಳು ಸಿಗುತ್ತವೆ. ಪದದ ಅಂಗಗಳಲ್ಲಿ ಮಾತ್ರ "ಇದ್ದಕ್ಕಿದ್ದಂತೆ" ಎನ್ನುವುದು ಎಲ್ಲೂ ಇಲ್ಲ. ಆ ಅರ್ಥ ಬಳಕೆಯಿಂದ ಅಂಟಿಕೊಂಡದ್ದು. ಇನ್ನೂ ಒಂದು ಬಳಕೆ ಇದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ರೇಖಾಗಣಿತದಲ್ಲಿ ಉದ್ದ ಅಗಲ ಮಾತ್ರ ಇದ್ದು ದಪ್ಪವಿಲ್ಲದ ಆಕೃತಿಗೆ ನಾವು "ತಲ", "ಮೇಲ್ಮೈ" ಎನ್ನುತ್ತೇವಲ್ಲ, ಯೂಕ್ಲಿಡ್ ತನ್ನ ಗ್ರಂಥದ ಆರಂಭದ ವ್ಯಾಖ್ಯೆಗಳಲ್ಲಿ ಅದಕ್ಕೆ ಇಟ್ಟ ಹೆಸರು ಎಪಿಫಾನೆಯಾ. ಇವತ್ತಿಗೂ ಗ್ರೀಸ್ ದೇಶದ ಶಾಲೆಯ ಮಕ್ಕಳು ಮೇಲ್ಮೈಗೆ ಇದೇ ಪದ ಹೇಳುತ್ತಾರೆ. ವಸ್ತುವಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಭಾಗ ಅದರ ಮೇಲ್ಮೈ ತಾನೆ? ಸತ್ಯ ಎಂದರೆ ಆಳದಲ್ಲಿ ಹೂತದ್ದು, ಅಗೆದು ತೆಗೆಯಬೇಕಾದದ್ದು ಎಂದು ನಾವು ಅಂದುಕೊಂಡಿರುತ್ತೇವೆ. ಈ ಪದ ಅದನ್ನು ಹೊರಮೈಯಲ್ಲೇ ಇಡುತ್ತದೆ. ಮೂಲೆಯ ಬುಟ್ಟಿಯಲ್ಲಿದ್ದ ಕಾಯಿಯ ಹಾಗೆ.

ದೇವರು ಈ ಪದದೊಳಗೆ ಬಂದ ಬಗೆಯನ್ನು ತಿಳಿಯಲು ಒಂದು ಕಲ್ಲಿನ ಕಥೆ ಹೇಳಬೇಕು. ಮೆಡಿಟರೇನಿಯನ್ ಸಮುದ್ರದ ರೋಡ್ಸ್ ದ್ವೀಪದಲ್ಲಿ ಲಿಂಡೋಸ್ ಎಂಬ ಊರು. ಕಡಲಿಗೆ ಚಾಚಿದ ಕಡಿದಾದ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಅಥೀನಾ ದೇವಿಯ ಗುಡಿ. ಕ್ರಿ.ಪೂ. 99ರಲ್ಲಿ ಊರವರು ಒಂದು ತೀರ್ಮಾನ ಮಾಡಿದರು. ಗುಡಿಗೆ ಬಂದಿದ್ದ ಹಳೆಯ ಕಾಣಿಕೆಗಳು ಎಷ್ಟೋ ಹಾಳಾಗಿವೆ, ಅವುಗಳ ಪಟ್ಟಿಯನ್ನೂ ದೇವಿ ಕಾಣಿಸಿಕೊಂಡ ಸಂದರ್ಭಗಳ ವಿವರವನ್ನೂ ಕಲ್ಲಿನಲ್ಲಿ ಕೆತ್ತಿಸಬೇಕು ಎಂದು. ಆ ಎರಡನೆಯ ಭಾಗದ ತಲೆಬರಹವೇ ಎಪಿಫಾನೆಯಾಗಳು.

ಅದರಲ್ಲಿ ಮೊದಲು ಬರುವ ಪ್ರಸಂಗ ಪರ್ಷಿಯಾದ ದೊರೆ ದಾರಿಯಸ್‌ನ ಕಾಲದ್ದು. ಅವನ ನೌಕಾಪಡೆ ದ್ವೀಪಕ್ಕೆ ಬಂತು. ಜನ ಗುಡ್ಡ ಹತ್ತಿ ಕೋಟೆಯೊಳಗೆ ಸೇರಿಕೊಂಡರು. ಮುತ್ತಿಗೆ ಬಿತ್ತು. ಕುಡಿಯುವ ನೀರು ಮುಗಿಯುತ್ತ ಬಂದು, ಶರಣಾಗದೆ ಬೇರೆ ದಾರಿಯಿಲ್ಲ ಎನ್ನುವ ಹೊತ್ತಿಗೆ ಅಧಿಕಾರಿಯೊಬ್ಬನ ಕನಸಿನಲ್ಲಿ ಅಥೀನಾ ಬಂದು ನಿಂತು, ಧೈರ್ಯವಾಗಿರಿ, ನಮ್ಮಪ್ಪನ ಹತ್ತಿರ ನೀರು ಕೇಳುತ್ತೇನೆ ಎಂದಳು. ಅವಳ ತಂದೆ ಸ್ಯೂಸ್, ಮಳೆಯ ಒಡೆಯ. ಊರವರು ಲೆಕ್ಕ ಹಾಕಿದರು. ಇರುವ ನೀರು ಐದು ದಿನಕ್ಕೆ ಸಾಕು. ಐದು ದಿನ ಬಿಡುವು ಕೊಡಿ, ಅಷ್ಟರೊಳಗೆ ದೇವಿಯ ನೆರವು ಬರದಿದ್ದರೆ ಕೋಟೆ ಬಿಟ್ಟುಕೊಡುತ್ತೇವೆ ಎಂದು ಪರ್ಷಿಯಾದ ಸೇನಾಪತಿ ದಾತಿಸ್‌ಗೆ ಹೇಳಿ ಕಳಿಸಿದರು. ದಾತಿಸ್ ಕೇಳಿ ನಕ್ಕನಂತೆ. ಮಾರನೆಯ ದಿನವೇ ಗುಡ್ಡದ ನೆತ್ತಿಗೆ ಕಪ್ಪು ಮೋಡ ಕವಿಯಿತು. ಕೋಟೆಯೊಳಗೆ ಜಡಿಮಳೆ. ನೀರಿಗೆ ಬಾಯಿಬಿಡುವ ಸರದಿ ಈಗ ಮುತ್ತಿಗೆ ಹಾಕಿದವರದು. ಸೇನಾಪತಿ ಬೆರಗಾಗಿ ತನ್ನ ಮೈಮೇಲಿದ್ದ ನಿಲುವಂಗಿ, ಕಂಠಿ, ಕಡಗ, ಕಿರುಗತ್ತಿಗಳನ್ನು ಕಳಚಿ ದೇವಿಗೆ ಕಾಣಿಕೆ ಕಳಿಸಿದ ಎಂದು ಶಾಸನ ಹೇಳುತ್ತದೆ.

ಇದು ನಡೆದದ್ದು ಹೌದೇ ಎಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಆ ಜನ ಯಾವುದನ್ನು ಎಪಿಫಾನೆಯಾ ಎಂದು ಕರೆದರು ಎಂಬುದನ್ನು ಗಮನಿಸಬೇಕು. ದೇವಿಯ ಮುಖವನ್ನು ಕನಸಿನಲ್ಲಿ ಒಬ್ಬ ಕಂಡ. ಮಳೆಯನ್ನು ಊರಿಗೆ ಊರೇ ಕಂಡಿತು. ದೇವಿ ಇದ್ದಾಳೆ ಎಂಬುದು ನೆಲದ ಮೇಲೆ ಹರಿದ ನೀರಾಗಿ ತೋರಿತು. ಒಳಮನಸ್ಸಿನ ಅನುಭವಕ್ಕಷ್ಟೇ ಆಗ ಆ ಪದ ಇರಲಿಲ್ಲ. ಪಾತ್ರೆಯಲ್ಲಿ ಹಿಡಿದು ಮನೆಗೆ ಒಯ್ಯಬಹುದಾದದ್ದಕ್ಕೂ ಇತ್ತು.

ದೇವರುಗಳ ಪದವನ್ನು ಅರಸರು ಬಿಡುತ್ತಾರೆಯೇ? ಈಜಿಪ್ಟನ್ನು ಆಳಿದ ಐದನೆಯ ಟಾಲೆಮಿ ಎಪಿಫನೀಸ್ ಎಂದು ಬಿರುದು ಹೊತ್ತ. ಕ್ರಿ.ಪೂ. 196ರ ರೊಸೆಟ್ಟಾ ಕಲ್ಲಿನ ಶಾಸನ ಅವನ ಕುರಿತದ್ದೇ. ಸಿರಿಯಾದ ನಾಲ್ಕನೆಯ ಆಂಟಿಯೋಕಸ್ ಕೂಡ ಎಪಿಫನೀಸ್. ಕಣ್ಣಿಗೆ ಕಾಣುವ ದೇವರು ಎಂದು ತಾತ್ಪರ್ಯ. ಅವನ ವರ್ತನೆ ಕಂಡು ಬೇಸತ್ತ ಜನ ಒಂದೇ ಅಕ್ಷರ ಬದಲಿಸಿ ಎಪಿಮನೀಸ್, ಅಂದರೆ ಹುಚ್ಚ, ಎಂದು ಕರೆದರು.

ಈ ಬಿರುದು ನಮ್ಮ ಉಪಖಂಡಕ್ಕೂ ಬಂತು. ಗಾಂಧಾರ ಮತ್ತು ಪಂಜಾಬಿನ ಕಡೆ ಆಳಿದ ಇಂಡೋ-ಗ್ರೀಕ್ ಅರಸರು ನಾಣ್ಯದ ಒಂದು ಮುಖದಲ್ಲಿ ಗ್ರೀಕನ್ನೂ ಇನ್ನೊಂದು ಮುಖದಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತವನ್ನೂ ಅಚ್ಚೊತ್ತಿಸುತ್ತಿದ್ದರು. ಸ್ಟ್ರಾಟೋ, ಪಾಲಿಕ್ಸೆನೊಸ್ ಎಂಬ ಅರಸರ ನಾಣ್ಯಗಳಲ್ಲಿ ಗ್ರೀಕ್ ಬದಿಯಲ್ಲಿ ಎಪಿಫನೀಸ್ ಎಂದಿದೆ. ತಿರುವಿದರೆ ಪ್ರಾಕೃತದಲ್ಲಿ "ಪ್ರಚಛ". ಅಂದರೆ ಸಂಸ್ಕೃತದ ಪ್ರತ್ಯಕ್ಷ. ಅಕ್ಷ ಎಂದರೆ ಕಣ್ಣು, ಪ್ರತ್ಯಕ್ಷ ಎಂದರೆ ಕಣ್ಣೆದುರಿಗಿರುವುದು. ಎಪಿಫನಿಗೆ ಸರಿಯಾದ ಪದ ಯಾವುದು ಎಂದು ನಾವು ಇಂದು ತಲೆ ಕೆರೆದುಕೊಳ್ಳುತ್ತಿದ್ದೇವೆ. ಸುಮಾರು 2,100 ವರ್ಷಗಳ ಹಿಂದೆ ಟಂಕಸಾಲೆಯ ಯಾವನೋ ಬರಹಗಾರ, ಹೆಬ್ಬೆಟ್ಟಿನಗಲದ ಬೆಳ್ಳಿಯ ಮೇಲೆ, ಜಾಗ ಸಾಲದಂತಿರುವಾಗಲೂ ಸರಿಯಾದ ಪದವನ್ನೇ ಇಟ್ಟು ಹೋಗಿದ್ದಾನೆ. ನಮ್ಮ ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಪೌರಾಣಿಕ ಸಿನಿಮಾದಲ್ಲಿ ಭಕ್ತ ಕಣ್ಮುಚ್ಚಿ ಕೂತಾಗ ದೇವರು ಏನಾಗುತ್ತಾನೆ? ಪ್ರತ್ಯಕ್ಷನಾಗುತ್ತಾನೆ. ಆ ಪದ ನಮ್ಮ ನಾಲಿಗೆಯ ಮೇಲೇ ಇದೆ.

ಸಾಕ್ಷಾತ್ಕಾರದಲ್ಲೂ ಇರುವುದು ಅದೇ ಕಣ್ಣು. ಕಣ್ಣಿನೊಡನೆ ಎಂದು "ಸಾಕ್ಷಾತ್" ಎಂಬುದರ ಮೂಲ ಅರ್ಥ. ಸಾಕ್ಷಿ ಎಂಬ ಪದವೂ ಅಲ್ಲಿಂದಲೇ ಬಂದದ್ದು.

ಕ್ರೈಸ್ತ ಧರ್ಮ ಈ ಪದವನ್ನು ಎತ್ತಿಕೊಂಡು ಹಬ್ಬದ ಹೆಸರು ಮಾಡಿತು. ಜನವರಿ 6ರ ಹಬ್ಬ ಅದು. ಪಶ್ಚಿಮದ ಚರ್ಚುಗಳಲ್ಲಿ ಆ ದಿನದ ನೆನಕೆ, ನಕ್ಷತ್ರ ನೋಡಿ ಹೊರಟು ಬಂದು ಶಿಶು ಯೇಸುವನ್ನು ಕಂಡವರದು. ನಮ್ಮ ಹಳೆಯ ಕನ್ನಡ ಬೈಬಲ್ಲಿನಲ್ಲಿ ಅವರು "ಜೋಯಿಸರು". ಎಷ್ಟು ಹದವಾದ ಪದ! ಅವರು ಮೂವರು ಎಂದಾಗಲಿ ಅರಸರು ಎಂದಾಗಲಿ ಮತ್ತಾಯನ ಸುವಾರ್ತೆಯಲ್ಲಿ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳನ್ನು ಎಣಿಸಿ ಮಂದಿಯನ್ನೂ ಮೂವರಾಗಿಸಿದ್ದು ನಂತರದ ಕಾಲ. ಪೂರ್ವದ ಚರ್ಚುಗಳಲ್ಲಿ ಅದು ಜೋರ್ಡನ್ ನದಿಯಲ್ಲಿ ಯೇಸು ದೀಕ್ಷಾಸ್ನಾನ ಪಡೆದ ದಿನ. ಗ್ರೀಸಿನಲ್ಲಿ ಪಾದ್ರಿ ಶಿಲುಬೆಯನ್ನು ಕಡಲಿಗೆ ಎಸೆಯುತ್ತಾರೆ, ಹುಡುಗರು ಚಳಿಯ ನೀರಿಗೆ ಧುಮುಕಿ ಹುಡುಕಿ ತರುತ್ತಾರೆ. ಆಡುಮಾತಿನಲ್ಲಿ ಆ ಹಬ್ಬಕ್ಕೆ "ತಾ ಫೋತಾ", ಬೆಳಕುಗಳು ಎಂದೇ ಹೆಸರು. ಇಟಲಿಯಲ್ಲಿ ಎಪಿಫಾನಿಯಾ ಎಂಬ ಹೆಸರು ಜನರ ಬಾಯಲ್ಲಿ ಸವೆದು, ನಮ್ಮಲ್ಲಿ ಯುಗಾದಿ ಉಗಾದಿಯಾದ ಹಾಗೆ, ಬೆಫಾನಾ ಆಯಿತು. ಬೆಫಾನಾ ಈಗ ಪೊರಕೆ ಏರಿ ಬರುವ ಒಬ್ಬ ಮುದುಕಿ, ಜನವರಿ 5ರ ರಾತ್ರಿ ಮಕ್ಕಳ ಕಾಲುಚೀಲಕ್ಕೆ ಮಿಠಾಯಿ ತುಂಬುವವಳು. ಪದವೊಂದು ಅಜ್ಜಿಯಾಗಿ ಬಾಳುತ್ತಿದೆ.

ಹಬ್ಬದ ಹೆಸರಾಗಿಯೇ ಇಂಗ್ಲಿಷಿಗೆ ಹೋದ ಈ ಪದವನ್ನು ಅಲ್ಲಿಂದ ಎತ್ತಿ ಬೀದಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವನು ಐರ್ಲೆಂಡಿನ ಕಾದಂಬರಿಕಾರ ಜೇಮ್ಸ್ ಜಾಯ್ಸ್. ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ಹುಡುಗ. ಇಪ್ಪತ್ತರ ಆಸುಪಾಸಿನಲ್ಲಿ ಚರ್ಚಿನಿಂದ ದೂರವಾದ, ಚರ್ಚಿನ ಪದಗಳನ್ನು ಮಾತ್ರ ಬಿಡಲಿಲ್ಲ. 1904ರಲ್ಲಿ "ಸ್ಟೀಫನ್ ಹೀರೋ" ಎಂಬ ಕಾದಂಬರಿ ಬರೆಯತೊಡಗಿದ. ಅದನ್ನು ಮುಗಿಸಲಿಲ್ಲ. ಅವನು ತೀರಿಕೊಂಡ ಮೇಲೆ 1944ರಲ್ಲಿ ಅಚ್ಚಾಯಿತು. ಲಿಂಡೋಸಿನ ಆ ಶಾಸನವನ್ನು ಡೆನ್ಮಾರ್ಕಿನ ಪುರಾತತ್ತ್ವಜ್ಞರು ಪತ್ತೆ ಮಾಡಿದ್ದೂ 1904ರಲ್ಲೇ. ಅದು ಒಂದು ಚರ್ಚಿನ ನೆಲಹಾಸಿನ ಕಲ್ಲಾಗಿ ಮಲಗಿತ್ತು. ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಒಂದೇ ವರ್ಷ ಒಂದು ಕಡೆ ಈ ಪದದ ಹಳೆಯ ಅರ್ಥ ನೆಲದಿಂದ ಮೇಲೆದ್ದಿತು, ಇನ್ನೊಂದು ಕಡೆ ಹೊಸ ಅರ್ಥ ಹೊತ್ತ ಕಾದಂಬರಿ ಶುರುವಾಯಿತು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಜಾಯ್ಸ್‌ನ ಆ ಕಾದಂಬರಿಯ ನಾಯಕ ಸ್ಟೀಫನ್ ಮಂಜು ಮುಸುಕಿದ ಒಂದು ಸಂಜೆ ಡಬ್ಲಿನ್ನಿನ ಎಕ್ಲ್ಸ್ ಬೀದಿಯಲ್ಲಿ ನಡೆದು ಹೋಗುತ್ತಿರುತ್ತಾನೆ. ಕಂದು ಇಟ್ಟಿಗೆಯ ಮನೆಯೊಂದರ ಮೆಟ್ಟಿಲ ಬಳಿ ಒಬ್ಬ ತರುಣಿ, ಒಬ್ಬ ಯುವಕ. ಅವರ ಮಾತಿನ ಒಂದೆರಡು ತುಣುಕು ಇವನ ಕಿವಿಗೆ ಬೀಳುತ್ತದೆ. ಮಾತು ಎಂದರೆ ಮಾತೂ ಅಲ್ಲ, ಅರ್ಧಂಬರ್ಧ ಉಸಿರು. ಇಂಥ ಕ್ಷುಲ್ಲಕ ಗಳಿಗೆಗಳಲ್ಲಿ ಏನೋ ಒಂದು ತನ್ನನ್ನು ತೋರಿಕೊಳ್ಳುತ್ತದೆ, ಅದನ್ನು ಬಹಳ ಜೋಪಾನವಾಗಿ ಬರೆದಿಡಬೇಕು ಎಂದು ಅವನಿಗೆ ಅನ್ನಿಸುತ್ತದೆ. ಅದಕ್ಕೆ ಅವನು ಎಪಿಫನಿ ಎಂದು ಹೆಸರಿಡುತ್ತಾನೆ. ಮುಂದೆ ಗೆಳೆಯನಿಗೆ ಒಂದು ಗಡಿಯಾರದ ಉದಾಹರಣೆ ಕೊಟ್ಟು ವಿವರಿಸುತ್ತಾನೆ. ಲಿಫಿ ನದಿಯ ದಂಡೆಯ ಬ್ಯಾಲಾಸ್ಟ್ ಆಫೀಸ್ ಕಟ್ಟಡದ ಗಡಿಯಾರ ಅದು, ಊರವರೆಲ್ಲ ದಿನವೂ ನೋಡುವಂಥದ್ದು. ಅದರ ಮುಂದೆ ನೂರು ಸಲ ಹಾದು ಹೋಗುತ್ತೇನೆ, ಕಣ್ಣು ಹಾಯಿಸುತ್ತೇನೆ, ಅದು ರಸ್ತೆಯ ಸರಂಜಾಮುಗಳಲ್ಲಿ ಒಂದು ಅಷ್ಟೆ. ಒಂದು ದಿನ ನೋಡುತ್ತೇನೆ, ಅದು ಏನು ಎಂಬುದು ಆ ಕೂಡಲೇ ತಿಳಿಯುತ್ತದೆ. ಅವನ ಮಾತಿನ ಸಾರ ಇದು.

ಗಡಿಯಾರದಲ್ಲಿ ಏನೂ ಬದಲಾಗಿಲ್ಲ. ದೇವರೂ ಬಂದಿಲ್ಲ. ಆದರೂ ಪದದ ಹಳೆಯ ವ್ಯಾಕರಣವನ್ನು ಜಾಯ್ಸ್ ಕೆಡಿಸಲಿಲ್ಲ ಎಂಬುದನ್ನು ಗಮನಿಸಬೇಕು. ಅವನ ಸ್ಟೀಫನ್‌ಗೂ ಎಪಿಫನಿ ಆಗುವುದು ಗಡಿಯಾರದ್ದು, ಗಡಿಯಾರವೇ ತನ್ನನ್ನು ತೋರುತ್ತದೆ. ನೋಡುವವನ ಕೆಲಸ ಕಣ್ಣನ್ನು ಹದ ಮಾಡಿಕೊಂಡು ಮತ್ತೆ ಮತ್ತೆ ಅದೇ ದಾರಿಯಲ್ಲಿ ಹಾದುಹೋಗುವುದು. ಜಾಯ್ಸ್ ಸ್ವತಃ ಹೀಗೆ ಬರೆದಿಟ್ಟ ಚಿಕ್ಕ ಚಿಕ್ಕ ಟಿಪ್ಪಣಿಗಳಲ್ಲಿ 40 ಉಳಿದುಬಂದಿವೆ. ನಂತರ 1916ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿಯಲ್ಲಿ ಅವನು ಆ ಪದವನ್ನೇ ಕೈಬಿಟ್ಟ. ಕ್ರಮ ಮಾತ್ರ ಅವನ ಕಥೆಗಳಲ್ಲಿ ಉಳಿಯಿತು. ಅವನ ಬಳಿಕ ಜಗತ್ತಿನ ಎಷ್ಟೋ ಭಾಷೆಗಳ ಸಣ್ಣಕಥೆ ಬದಲಾಯಿತು. ಕಥೆ ಎಂದರೆ ಘಟನೆಗಳ ಗಂಟು ಬಿಚ್ಚುವುದು ಎಂಬ ಜಾಗದಲ್ಲಿ, ಏನೂ ನಡೆಯದೆ ಒಂದು ಸಂಗತಿ ಕಾಣಿಸಿಬಿಡುವುದೂ ಕಥೆಯೇ ಎಂಬ ನಂಬಿಕೆ ಬಂತು.

ಇದಕ್ಕೆ ಎದುರಾಗಿ ಇನ್ನೊಂದು ಗ್ರೀಕ್ ಪದ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಯುರೇಕಾ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕಥೆ ಅವನು ಸತ್ತು ಸುಮಾರು ಇನ್ನೂರು ವರ್ಷಗಳಾದ ಮೇಲೆ ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿಯ ಪುಸ್ತಕದಲ್ಲಿ ಬರುತ್ತದೆ. ಕಥೆ ಹಾಗಿರಲಿ, ಪದ ನೋಡಿ. ಯುರೇಕಾ ಎಂಬುದು ಉತ್ತಮ ಪುರುಷ, ಏಕವಚನ: ನಾನು ಕಂಡುಹಿಡಿದೆ. ಎಪಿಫನಿಯಲ್ಲಿ ವಸ್ತು ಮುಂದೆ ಬರುತ್ತದೆ. ಯುರೇಕಾದಲ್ಲಿ ನಾನು ಮುಂದೆ ಹೋಗಿ ಹಿಡಿಯುತ್ತೇನೆ. ಕನ್ನಡದ "ಕಾಣು" ಎಂಬ ಕ್ರಿಯಾಪದ ಈ ಎರಡನ್ನೂ ತನ್ನೊಳಗೇ ಇಟ್ಟುಕೊಂಡಿದೆ. "ನಾನು ಗುಡ್ಡವನ್ನು ಕಂಡೆ" ಎನ್ನಬಹುದು, "ನನಗೆ ಗುಡ್ಡ ಕಂಡಿತು" ಎಂದೂ ಎನ್ನಬಹುದು. ಒಂದೇ ಧಾತು, ಒಂದು ಸಲ ಕಣ್ಣಿನ ಕಡೆಯಿಂದ, ಇನ್ನೊಂದು ಸಲ ಗುಡ್ಡದ ಕಡೆಯಿಂದ.

ವಿಜ್ಞಾನದಲ್ಲಿ ಹೊಳೆಯುವುದು ಹೇಗೆ ಎಂದು ತನ್ನದೇ ಅನುಭವವನ್ನು ತೆರೆದಿಟ್ಟವನು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ. 1908ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ಪ್ರಸಂಗ ಇದೆ. ಒಂದು ಬಗೆಯ ಫಲನಗಳ ಹಿಂದೆ ಬಿದ್ದು ಹದಿನೈದು ದಿನ ಮೇಜಿಗೆ ಕಚ್ಚಿಕೊಂಡು ಕೂತ. ಒಂದು ರಾತ್ರಿ ಅಭ್ಯಾಸವಿಲ್ಲದ ಕಪ್ಪು ಕಾಫಿ ಕುಡಿದು ನಿದ್ದೆಗೆಟ್ಟ. ಸ್ವಲ್ಪ ದಾರಿ ಸಿಕ್ಕಿತು, ಪೂರ್ತಿ ಸಿಗಲಿಲ್ಲ. ಬಳಿಕ ಭೂವಿಜ್ಞಾನದ ಪ್ರವಾಸಕ್ಕೆಂದು ಊರು ಬಿಟ್ಟ, ಗಣಿತ ಮರೆತೇ ಹೋಯಿತು. ಕೂತಾನ್ಸ್ ಎಂಬ ಪಟ್ಟಣದಲ್ಲಿ ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಆ ಕ್ಷಣಕ್ಕೆ ಉತ್ತರ ಹೊಳೆಯಿತು. ತನ್ನ ಫಲನಗಳೂ ಯೂಕ್ಲಿಡ್ಡನದಲ್ಲದ ರೇಖಾಗಣಿತವೂ ಬೇರೆಬೇರೆಯಲ್ಲ ಎಂದು. ಅವನು ಬಂಡಿಯೊಳಗೆ ಹೋಗಿ ಕೂತು ಅರ್ಧಕ್ಕೆ ನಿಂತ ಮಾತು ಮುಂದುವರಿಸಿದ. ಮನೆಗೆ ಬಂದ ಮೇಲೆ ಬಿಡುವಾಗಿ ತಾಳೆ ನೋಡಿದ. "ಇದ್ದಕ್ಕಿದ್ದಂತೆ" ಎನ್ನುವುದು ಮೆಟ್ಟಿಲ ಮೇಲಿನ ಒಂದು ಹೆಜ್ಜೆಗೆ ಮಾತ್ರ ಸಲ್ಲುವ ಮಾತು. ಅದರ ಹಿಂದಿನ ಹದಿನೈದು ದಿನಕ್ಕೂ ಅದರ ಮುಂದಿನ ತಾಳೆಗೂ ಅದು ಸಲ್ಲುವುದಿಲ್ಲ.

ಈಗ ನಮ್ಮದೇ ಒಂದು ಪದಕ್ಕೆ ಬರುತ್ತೇನೆ, ಈ ಬರಹಕ್ಕೆ ಕೂತದ್ದೇ ಅದರ ಮೇಲಿನ ಮಮತೆಯಿಂದ. ಪ್ರತಿಭೆ. ಬಿಡಿಸಿ ನೋಡಿ: ಪ್ರತಿ, ಭಾ. ಕಡೆಗೆ ಹೊಳೆಯುವುದು. ಎಪಿಫಾನೆಯಾದಲ್ಲಿ ಇರುವ ಅದೇ ಧಾತು, ಉಪಸರ್ಗ ಬೇರೆ, ಅರ್ಥ ಹೆಚ್ಚುಕಡಿಮೆ ಅದೇ. ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ವಂಗೀಸ ಎಂಬ ಕವಿ ಭಿಕ್ಷು ಬರುತ್ತಾನೆ. ಬುದ್ಧನ ಸಭೆಯಲ್ಲಿ ಪದ್ಯ ಹೇಳುವ ಮೊದಲು ಅವನು ಎದ್ದು ಕೈಮುಗಿದು ಒಂದು ಮಾತು ಹೇಳುತ್ತಾನೆ. ಆ ಮಾತಿನ ಕ್ರಿಯಾಪದ ಇದೇ ಪ್ರತಿ-ಭಾ, ಅರ್ಥ "ನನಗೆ ಹೊಳೆಯುತ್ತಿದೆ, ಭಗವಂತಾ". ಹಾಗಾದರೆ ಹೊಳೆಯಲಿ ಎಂದು ಬುದ್ಧ ಅಪ್ಪಣೆ ಕೊಡುತ್ತಾನೆ. ಕವಿ ಅಲ್ಲಿ ಪದ್ಯದ ಒಡೆಯನಾಗಿ ನಿಂತಿಲ್ಲ, ಪದ್ಯ ಅವನಿಗೆ ತೋರುತ್ತಿದೆ.

ಸಂಸ್ಕೃತದ ವೈಯಾಕರಣ ಭರ್ತೃಹರಿ ವಾಕ್ಯದ ಅರ್ಥವನ್ನೇ ಪ್ರತಿಭೆ ಎಂದ. ಪದಗಳನ್ನು ಒಂದೊಂದಾಗಿ ಜೋಡಿಸಿ ನಾವು ಅರ್ಥ ಕಟ್ಟುವುದಿಲ್ಲ, ವಾಕ್ಯ ಮುಗಿಯುವಾಗ ಅರ್ಥ ಇಡಿಯಾಗಿ ಮಿಂಚುತ್ತದೆ ಎಂದು ಅವನ ವಾದ. ಒಗಟು ಬಿಡಿಸಿದವರಿಗೆ ಈ ವಾದ ವಿವರಿಸಬೇಕಾಗಿಲ್ಲ. ರಾಜಶೇಖರ "ಕಾವ್ಯಮೀಮಾಂಸೆ"ಯಲ್ಲಿ ಪ್ರತಿಭೆ ಎರಡು ಬಗೆ ಎಂದ. ಕವಿಯದು ಕಾರಯಿತ್ರಿ, ಓದುಗನದು ಭಾವಯಿತ್ರಿ. ಕಾವ್ಯ ಕಟ್ಟುವವನಿಗೆ ಒಂದು ಮಿಂಚು ಬೇಕು, ಅದನ್ನು ಕೇಳುವವನಿಗೂ ಇನ್ನೊಂದು ಮಿಂಚು ಬೇಕು. ಓದುಗನಿಗೆ ಇಷ್ಟು ಗೌರವದ ಜಾಗ ಕೊಟ್ಟ ಕಾವ್ಯಶಾಸ್ತ್ರ ಅಪರೂಪ.

ಇವತ್ತು ಪ್ರತಿಭೆ ಎಂದರೆ ನಮಗೆ ನೆನಪಾಗುವುದೇನು? ಶಾಲೆಗಳ ಪ್ರತಿಭಾ ಕಾರಂಜಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಪ್ರತಿಭಾ ಪುರಸ್ಕಾರ. ಮಕ್ಕಳಿಗೆ ವೇದಿಕೆ ಸಿಗಬೇಕು, ಶಾಲು ಫಲಕವೂ ಸಿಗಲಿ, ಅದರಲ್ಲಿ ಎರಡು ಮಾತಿಲ್ಲ. ಪದಕ್ಕೆ ಆದದ್ದು ಬೇರೆ. ಕಡೆಗೆ ಹೊಳೆಯುವುದು ಎಂಬ ಕ್ರಿಯೆ ಒಳಗೆ ಇಟ್ಟುಕೊಂಡ ಸೊತ್ತಾಯಿತು. ಪ್ರತಿಭಾವಂತ ಎಂದರೆ ಅದು ಉಳ್ಳವನು, ಹಣವಂತ ಎಂದ ಹಾಗೆ. ಉಳ್ಳವರು ಇದ್ದರೆ ಇಲ್ಲದವರೂ ಇರಲೇಬೇಕು. ಚಾಪೆಯ ಎಳೆ ಕೀಳುತ್ತ ಕೂತ ಹುಡುಗಿ ಪ್ರತಿಭಾವಂತಳೋ ಅಲ್ಲವೋ ಎಂದು ಯಾರಾದರೂ ಮೊದಲೇ ತೀರ್ಮಾನಿಸಿದ್ದರೆ ಅವಳು ಅಂದು ಎದ್ದು ನಿಲ್ಲುತ್ತಿದ್ದಳೇ? ಹೊಳೆಯುವುದಕ್ಕೆ ಅವಳಲ್ಲಿ ಏನೂ ಇರಬೇಕಾಗಿರಲಿಲ್ಲ. ಮೂಲೆಯಲ್ಲಿ ಕಾಯಿ ಇತ್ತು, ಅಜ್ಜಿಯ ಪ್ರಶ್ನೆ ಮನಸ್ಸಿನಲ್ಲಿ ಸುತ್ತುತ್ತಿತ್ತು, ಅಷ್ಟು ಸಾಕಾಗಿತ್ತು. "ನನಗೆ ಪ್ರತಿಭೆ ಇಲ್ಲ" ಎಂದು ಹತ್ತು ವರ್ಷದ ಮಗು ಹೇಳುವುದನ್ನು ನಾನು ಕೇಳಿದ್ದೇನೆ. "ನನಗೆ ಇನ್ನೂ ಹೊಳೆದಿಲ್ಲ" ಎನ್ನುವ ಮಗುವಿನ ಮುಂದೆ ನಾಳೆ ಇರುತ್ತದೆ.

ಈಚೆಗೆ ಕಿರಿಯ ಗೆಳೆಯರೊಬ್ಬರು ಜಾಯ್ಸ್‌ನ "ಡಬ್ಲಿನರ್ಸ್" ಸಂಕಲನದ ಕೊನೆಯ ಕಥೆ, "ದಿ ಡೆಡ್" ಕುರಿತು ಒಂದು ಲೇಖನ ಬರೆದು ನೋಡಲು ಕೊಟ್ಟರು. ಕ್ರಿಸ್‌ಮಸ್ ಋತು ಮುಗಿಯುವ ದಿನಗಳಲ್ಲಿ ಇಬ್ಬರು ವಯಸ್ಸಾದ ಅಕ್ಕತಂಗಿಯರ ಮನೆಯಲ್ಲಿ ನಡೆಯುವ ಔತಣದ ಕಥೆ ಅದು. ಅವರ ಅಕ್ಕನ ಮಗ ಗೇಬ್ರಿಯಲ್ ಓದಿದವನು, ಭಾಷಣಕ್ಕೆ ಚೀಟಿ ಬರೆದಿಟ್ಟುಕೊಂಡವನು. ಹೊರಡುವ ಹೊತ್ತಿಗೆ ಅವನ ಹೆಂಡತಿ ಮೆಟ್ಟಿಲ ಮೇಲೆ ಅರೆಗತ್ತಲಲ್ಲಿ ನಿಂತು ಮಹಡಿಯಿಂದ ಕೇಳಿಬರುವ ಹಾಡಿಗೆ ಕಿವಿಗೊಟ್ಟಿರುತ್ತಾಳೆ. ಅವಳು ಹಾಗೆ ನಿಂತದ್ದು ಏಕೆ ಎಂದು ಗೇಬ್ರಿಯಲ್‌ಗೆ ಹೋಟೆಲಿನ ಕೋಣೆ ತಲುಪಿದ ಮೇಲೆ ತಿಳಿಯುತ್ತದೆ. ಆ ಹಾಡು ಹೇಳುತ್ತಿದ್ದ ಹುಡುಗನೊಬ್ಬ, ಕಾಯಿಲೆ ಇದ್ದರೂ ಅವಳನ್ನು ನೋಡಲು ಮಳೆಯಲ್ಲಿ ಬಂದು ನಿಂತು, ಹದಿನೇಳಕ್ಕೇ ತೀರಿಕೊಂಡಿದ್ದ. ಹೆಂಡತಿ ಅತ್ತು ನಿದ್ದೆ ಹೋಗುತ್ತಾಳೆ. ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ.

ಗೆಳೆಯರು ಬರೆದಿದ್ದರು: "ಕಥೆಯ ಕೊನೆಯಲ್ಲಿ ಗೇಬ್ರಿಯಲ್ ಜ್ಞಾನೋದಯವನ್ನು ಹೊಂದುತ್ತಾನೆ." ನಾನು ಅದರ ಕೆಳಗೆ ಪೆನ್ಸಿಲ್ಲಿನಲ್ಲಿ "ಗೇಬ್ರಿಯಲ್‌ಗೆ ಹೊಳೆಯುತ್ತದೆ" ಎಂದು ಬರೆದು ಕೊಟ್ಟೆ. ಹೊಳಹು ಎಂಬ ನಾಮಪದವೂ ನಮ್ಮಲ್ಲಿದೆ, ಬೇಕಾದರೆ ಅದನ್ನೇ ಬಳಸಿ ಎಂದೆ. ಅವರು ಓದಿ, ವಾಕ್ಯ ಅರ್ಧಕ್ಕೆ ನಿಂತಂತಿದೆ ಸಾರ್ ಎಂದರು. ನಿಜ. ಜ್ಞಾನೋದಯವಾಯಿತು ಎಂದು ಬರೆದರೆ ಮಾತು ಮುಗಿದುಹೋಗುತ್ತದೆ, ಯಾರೂ ಮುಂದೆ ಕೇಳುವುದಿಲ್ಲ. ಹೊಳೆಯಿತು ಎಂದರೆ ಕೇಳುವವರು ಏನು ಎಂದು ಕೇಳಿಯೇ ಕೇಳುತ್ತಾರೆ, ವಾಕ್ಯಕ್ಕೆ ಕರ್ತೃ ಬೇಕು. ಹೆಂಡತಿಯ ಮುಖವೇ? ಸತ್ತ ಹುಡುಗನೇ? ತಾನೇ? ಹಿಮವೇ? ಗೆಳೆಯರು ಸ್ವಲ್ಪ ಹೊತ್ತು ಪೆನ್ಸಿಲ್ಲಿನ ಆ ಸಾಲನ್ನೇ ನೋಡಿ, ಕೊನೆಯ ನಾಲ್ಕು ಪುಟ ಇನ್ನೊಂದು ಸಲ ಓದಿ ಬರುತ್ತೇನೆ ಎಂದು ಪುಸ್ತಕ ಎತ್ತಿಕೊಂಡು ಹೋದರು.